ನಮ್ಮ ಮುಪ್ಪು ಯಾವ ಪಂಚಾಯತಿನದು?

(ದುಬೈಯಲ್ಲಿ ನಡೆದ ಕನ್ನಡ ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ವಯಸ್ಸಾದವರಿಗೂ ಅಂಗವೈಕಲ್ಯವುಳ್ಳವರಿಗೂ ಸ್ಥಳೀಯ ಸರ್ಕಾರಗಳು ಒದಗಿಸುವ ಸೇವೆಗಳ ಕುರಿತು ಮಾತನಾಡಬೇಕೆಂದು ಕೂಟದವರು ಕೇಳಿದಾಗ ನಾನು ಮರುಪ್ರಶ್ನೆ ಹಾಕಿದೆ: ಸ್ಥಳೀಯ ಎಂದರೆ ಯಾವ ಸ್ಥಳ? ನಾವು ಕುಳಿತಿರುವ ದುಬೈಯೇ, ಪಕ್ಕದ ಅಬುಧಾಬಿಯೇ, ಅಥವಾ ನಮ್ಮ ತಂದೆತಾಯಿಯರು ಇಂದಿಗೂ ಮನೆತೆರಿಗೆ ಕಟ್ಟುತ್ತಿರುವ ಬಂಟ್ವಾಳ, ಕುಂದಾಪುರ, ಭಟ್ಕಳ, ಮಂಜೇಶ್ವರದ ಕಡೆಯ ಪಂಚಾಯತುಗಳೇ? ಎರಡನ್ನೂ ಹೇಳಿ ಎಂದರು. ಎರಡನ್ನೂ ಒಟ್ಟಿಗೆ ಹೇಳಲು ಹೊರಟಾಗಲೇ ನಮ್ಮ ಸ್ಥಿತಿ ಎಷ್ಟು ವಿಚಿತ್ರವಾದುದೆಂದು ನನಗೆ ಸ್ಪಷ್ಟವಾದದ್ದು. ದುಡಿಯುವ ವಯಸ್ಸನ್ನು ಒಂದು ಸರ್ಕಾರದ ಕೈಗೆ ಕೊಟ್ಟು, ದುಡಿಯಲಾರದ ವಯಸ್ಸನ್ನು ಇನ್ನೊಂದು ಸರ್ಕಾರದ ಬಾಗಿಲಿಗೆ ಒಯ್ಯುವ ಜನ ನಾವು. ಮೊದಲನೆಯದಕ್ಕೆ ನಮ್ಮ ಮುಪ್ಪು ಬೇಡ. ಎರಡನೆಯದರ ಬಳಿ ನಮ್ಮ ಯೌವನದ ಲೆಕ್ಕವಿಲ್ಲ.

ಮೊದಲು ಇಲ್ಲಿಯ ಒಳ್ಳೆಯದನ್ನು ಹೇಳುತ್ತೇನೆ. ಪ್ರಗತಿಪರರೆಂದು ಕರೆದುಕೊಳ್ಳುವ ನಮ್ಮಂಥವರಿಗೆ ಸರ್ಕಾರವೊಂದರ ಒಳ್ಳೆಯ ಕೆಲಸವನ್ನು ಹೇಳುವಾಗ ಗಂಟಲು ಕಟ್ಟುತ್ತದೆ. ಆ ಅಭ್ಯಾಸವನ್ನು ಇಂದು ಬದಿಗಿಡೋಣ. 2009ರ ಸೆಪ್ಟೆಂಬರ್ 9ರಂದು ದುಬೈ ಮೆಟ್ರೊ ಓಡತೊಡಗಿದ ದಿನದಿಂದಲೇ ಅದರ ನಿಲ್ದಾಣಗಳಲ್ಲಿ ಲಿಫ್ಟ್ ಇದೆ; ಕಣ್ಣು ಕಾಣದವರು ಕೋಲಿನಿಂದ ಮುಟ್ಟಿ ನಡೆಯಬಹುದಾದ ಉಬ್ಬುಗೆರೆಯ ಹಾದಿಯಿದೆ; ಪ್ಲಾಟ್‌ಫಾರ್ಮಿಗೂ ಬೋಗಿಗೂ ಒಂದೇ ಮಟ್ಟವಿದೆ. ಗಾಲಿಕುರ್ಚಿಯಲ್ಲಿ ಬಂದವರು ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿಯಬಹುದು. ನಮ್ಮೂರಿನ ಬಸ್ಸಿನ ಮೊದಲ ಮೆಟ್ಟಿಲನ್ನು ನೆನೆದುಕೊಳ್ಳಿ. ಮೊಣಕಾಲು ನೋವಿನ ಮುದುಕಿಯೊಬ್ಬರು ಹತ್ತಬೇಕಾದರೆ ಕೆಳಗಿನಿಂದ ಒಬ್ಬರು ತಳ್ಳಬೇಕು, ಮೇಲಿನಿಂದ ಒಬ್ಬರು ಎಳೆಯಬೇಕು, ಅಷ್ಟರಲ್ಲಿ ಕಂಡಕ್ಟರ್ ಎರಡು ಸಲ ಸೀಟಿ ಊದಿರುತ್ತಾನೆ.

ಅಂಗವೈಕಲ್ಯವುಳ್ಳವರ ಹಕ್ಕುಗಳ ಬಗ್ಗೆ ಸಂಯುಕ್ತ ಅರಬ್ ಎಮಿರೇಟ್ಸ್ 2006ರಲ್ಲಿಯೇ ಫೆಡರಲ್ ಕಾಯ್ದೆ ಮಾಡಿತು. ವಿಶ್ವಸಂಸ್ಥೆಯ ಒಡಂಬಡಿಕೆಯನ್ನು 2010ರಲ್ಲಿ ಅಂಗೀಕರಿಸಿತು. ದುಬೈ ಆಡಳಿತವು 2013ರಲ್ಲಿ ‘ನನ್ನ ಸಮುದಾಯ, ಎಲ್ಲರಿಗೂ ಒಂದು ನಗರ’ ಎಂಬ ಕಾರ್ಯಕ್ರಮವನ್ನು ಘೋಷಿಸಿತು. 2014ರಲ್ಲಿ ತನ್ನದೇ ಒಂದು ಕಾಯ್ದೆಯನ್ನು ತಂದು, 2022ರಲ್ಲಿ ಅದರ ಬದಲಿಗೆ ಹೊಸದೊಂದನ್ನು ಜಾರಿಗೊಳಿಸಿತು. ಇಲ್ಲಿಯ ಸಮುದಾಯ ಅಭಿವೃದ್ಧಿ ಪ್ರಾಧಿಕಾರ ಕೊಡುವ ‘ಸನದ್’ ಕಾರ್ಡು ಪ್ರಜೆಗಳಿಗೆ ಮಾತ್ರವಲ್ಲ, ದುಬೈಯ ವೀಸಾ ಉಳ್ಳ ವಿದೇಶಿಯರಿಗೂ ಲಭ್ಯ. ಅಂಗವೈಕಲ್ಯವುಳ್ಳವರು ಮೆಟ್ರೊ, ಬಸ್ಸುಗಳಲ್ಲಿ ಉಚಿತವಾಗಿ ಸಂಚರಿಸಬಹುದು. ಅರವತ್ತು ದಾಟಿದವರಿಗೆ ‘ನೋಲ್’ ಕಾರ್ಡಿನಲ್ಲಿ ಅರ್ಧ ದರ. ಈ ಸಭೆಯಲ್ಲಿರುವ ಅನೇಕರಿಗೆ ಇದು ತಿಳಿಯದು. ತಮ್ಮ ಮಗುವಿಗೋ, ವಿಸಿಟ್ ಮುಗಿಸಿ ರೆಸಿಡೆನ್ಸ್ ವೀಸಾ ಪಡೆದ ತಾಯಿಗೋ ಅರ್ಜಿ ಹಾಕದೆ ವರ್ಷಗಳನ್ನು ಕಳೆದವರನ್ನು ನಾನು ಬಲ್ಲೆ. ಕೇಳಿದರೆ, ‘ಅದೆಲ್ಲ ಅರಬ್ಬರಿಗೆ ಅಲ್ಲವೇ?’ ಎನ್ನುತ್ತಾರೆ. ಎಲ್ಲವೂ ಅಲ್ಲ. ಕಾರ್ಡು ನಿಮಗೂ ಇದೆ, ಕೇಳಿ ಪಡೆಯಿರಿ.

ಅಬುಧಾಬಿಯಲ್ಲಿ 2004ರಲ್ಲಿ ಸ್ಥಾಪನೆಯಾದ ಝಾಯೆದ್ ಉನ್ನತ ಸಂಸ್ಥೆ ಈ ಕೆಲಸದ ಮುಖ್ಯ ನೆಲೆ. 2019ರ ಮಾರ್ಚಿನಲ್ಲಿ ವಿಶೇಷ ಒಲಿಂಪಿಕ್ಸಿನ ವಿಶ್ವ ಕ್ರೀಡಾಕೂಟ ಆ ನಗರದಲ್ಲಿ ನಡೆದಾಗ, ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳ ತಾಯಂದಿರಲ್ಲಿ ಕೆಲವರಾದರೂ ಮೊದಲ ಬಾರಿಗೆ ಮಗುವಿನೊಂದಿಗೆ ತುಂಬಿದ ಕ್ರೀಡಾಂಗಣದಲ್ಲಿ ಕುಳಿತರು. ಅದು ಸಣ್ಣ ಸಂಗತಿಯಲ್ಲ. ನಮ್ಮ ಸಮಾಜದಲ್ಲಿ ಅಂಥ ಮಗುವನ್ನು ಮದುವೆಮನೆಗೂ ಕರೆದೊಯ್ಯದವರಿದ್ದಾರೆ.

ಇಲ್ಲಿಯವರು 2017ರಲ್ಲಿ ಹೆಸರನ್ನೂ ಬದಲಿಸಿದರು: ‘ಅಸ್‌ಹಾಬ್ ಅಲ್ ಹಿಮಮ್’, ಎಂದರೆ ದೃಢಸಂಕಲ್ಪದವರು. ಮರುವರ್ಷ ವೃದ್ಧರಿಗೂ ಹೊಸ ಹೆಸರು ಬಂತು: ‘ಕಿಬಾರ್ ಅಲ್ ಮುವಾತಿನೀನ್’, ಹಿರಿಯ ಪ್ರಜೆಗಳು. ಹೆಸರು ಬದಲಿಸುವುದರಲ್ಲಿ ನಾವೇನೂ ಹಿಂದೆ ಬಿದ್ದವರಲ್ಲ. ಕುಂಟ, ಕುರುಡ ಎಂಬ ಮಾತುಗಳನ್ನು ಬಿಟ್ಟು ಅಂಗವಿಕಲಕ್ಕೆ ಬಂದೆವು, ಅಲ್ಲಿಂದ ವಿಕಲಚೇತನಕ್ಕೆ. ಕಾಲು ಊನವಾದವರ ಚೇತನವನ್ನೇ ಊನವೆಂದು ಕರೆಯುವ ಈ ಪದವನ್ನು ಯಾವ ಪಂಡಿತರು ಕಟ್ಟಿದರೋ, ಕರ್ನಾಟಕದ ಇಲಾಖೆಯ ಫಲಕದ ಮೇಲೆ ಅದು ಗಟ್ಟಿಯಾಗಿ ಕುಳಿತಿದೆ. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ‘ದಿವ್ಯಾಂಗ’ ಎಂದರು. ನಮಗೆ ದೈವತ್ವ ಬೇಡ, ಇಳಿಜಾರು ಹಾದಿ ಬೇಕು ಎಂಬರ್ಥದಲ್ಲಿ ಅಂಗವಿಕಲರ ಸಂಘಟನೆಗಳು ಆಗಲೇ ಆಕ್ಷೇಪಿಸಿದವು. ಹೆಸರು ಗೌರವವನ್ನು ತಂದೀತು; ಆದರೆ ಹಕ್ಕು ಬರುವುದು ಕಾಯ್ದೆ ಯಾರನ್ನು ಉದ್ದೇಶಿಸಿ ಬರೆಯಲ್ಪಟ್ಟಿದೆ ಎಂಬುದರಿಂದ. ‘ಹಿರಿಯ ಪ್ರಜೆ’ ಎಂಬ ಆ ಹೆಸರಿನಲ್ಲಿ ಭಾರವಿರುವುದು ‘ಹಿರಿಯ’ದ ಮೇಲಲ್ಲ, ‘ಪ್ರಜೆ’ಯ ಮೇಲೆ. 2019ರ ಹಿರಿಯರ ಹಕ್ಕುಗಳ ಫೆಡರಲ್ ಕಾಯ್ದೆ ತನ್ನ ವ್ಯಾಖ್ಯೆಯಲ್ಲಿಯೇ ಅರವತ್ತು ತುಂಬಿದ, ಈ ದೇಶದ ರಾಷ್ಟ್ರೀಯತೆಯುಳ್ಳವರನ್ನು ಮಾತ್ರ ಹೆಸರಿಸುತ್ತದೆ. ದೇಶದ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಮಂದಿ ವಿದೇಶಿಯರು. ಕಾಯ್ದೆಯ ದೃಷ್ಟಿಯಲ್ಲಿ ಆ ಒಂಬತ್ತು ಮಂದಿಗೆ ಮುಪ್ಪು ಬರುವುದಿಲ್ಲ. ಬರುವಷ್ಟರಲ್ಲಿ ಅವರು ಇಲ್ಲಿರಬಾರದು.

ಇದನ್ನು ದೂರಾಗಿ ಹೇಳುತ್ತಿಲ್ಲ. ತನ್ನ ಪ್ರಜೆಗಳಿಗೆ ಮೊದಲು ಎನ್ನುವುದು ಯಾವ ದೇಶಕ್ಕೂ ಸಹಜ. ಆದರೆ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಕಣ್ಣುಬಿಟ್ಟು ನೋಡಬೇಕು. ವಿದೇಶಿಯೊಬ್ಬನಿಗೆ ಇಲ್ಲಿ ಸೇವೆ ಸಿಗುವುದು ಎಮಿರೇಟ್ಸ್ ಐಡಿಯ ಮೇಲೆ. ಐಡಿ ನಿಂತಿರುವುದು ವೀಸಾದ ಮೇಲೆ. ವೀಸಾ ನಿಂತಿರುವುದು ನೌಕರಿಯ ಮೇಲೆ. ನೌಕರಿ ನಿಂತಿರುವುದು ದೇಹದ ಮೇಲೆ. ದೇಹ ಕೈಕೊಟ್ಟರೆ ಈ ನಾಲ್ಕೂ ಒಂದರ ಹಿಂದೊಂದು ಬೀಳುತ್ತವೆ. ಕಾರ್ಮಿಕನಿಗೆ ಸಂಪೂರ್ಣ ಶಾಶ್ವತ ಅಸಾಮರ್ಥ್ಯ ಬಂದರೆ ಉದ್ಯೋಗದ ಕರಾರು ಅಂತ್ಯಗೊಳ್ಳುತ್ತದೆ ಎಂದು 2021ರ ಕಾರ್ಮಿಕ ಕಾಯ್ದೆ ಹೇಳುತ್ತದೆ. ಅಂದರೆ ಸೇವೆ ಬೇಕಾಗುವ ಗಳಿಗೆಯೇ ಸೇವೆಯ ಅರ್ಹತೆ ಮುಗಿಯುವ ಗಳಿಗೆ. ಕೆಲಸದಲ್ಲಿ ಬಿದ್ದು ಬೆನ್ನು ಮುರಿದುಕೊಂಡ ನಮ್ಮ ಕಡೆಯ ಯುವಕನೊಬ್ಬ, ಲಿಫ್ಟ್ ಇರುವ, ಉಬ್ಬುಗೆರೆಯ ಹಾದಿಯಿರುವ ಈ ನಗರದಲ್ಲಿ ಗಾಲಿಕುರ್ಚಿಯನ್ನು ಬಳಸಿದ್ದು ಆಸ್ಪತ್ರೆಯಿಂದ ವಿಮಾನ ನಿಲ್ದಾಣದವರೆಗೆ ಮಾತ್ರ. ಈಗ ಅವನಿರುವ ಮನೆಗೆ ಗದ್ದೆಯ ಬದುವಿನ ಮೇಲೆ ನಡೆದು ಹೋಗಬೇಕು.

ಪರಿಹಾರವಿಲ್ಲವೇ? ಇದೆ. ಕೆಲಸದ ಅವಘಡದಲ್ಲಿ ಸಾವು ಅಥವಾ ಸಂಪೂರ್ಣ ಅಂಗವೈಕಲ್ಯವುಂಟಾದರೆ 24 ತಿಂಗಳ ಮೂಲವೇತನ. ಅದು 18,000 ದಿರಹಮಿಗೆ ಕಡಿಮೆಯಿಲ್ಲದಂತೆ, 2,00,000 ಮೀರದಂತೆ. ‘ಮೂಲವೇತನ’ ಎಂಬ ಪದವನ್ನು ಗಮನಿಸಿ. ನಮ್ಮವರು ಕರಾರಿಗೆ ಸಹಿ ಹಾಕುವಾಗ ಕೆಳಗಿನ ಒಟ್ಟು ಮೊತ್ತವನ್ನು ನೋಡುತ್ತಾರೆ. ಮಾಲೀಕರು ಮೇಲಿನ ಮೊದಲ ಸಾಲನ್ನು ನೋಡುತ್ತಾರೆ. ಗ್ರಾಚ್ಯುಟಿಯ ಲೆಕ್ಕವೂ ಅದೇ ಸಾಲಿನಿಂದ. ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನ, ಅನಂತರ ವರ್ಷಕ್ಕೆ 30 ದಿನ. 1,200 ದಿರಹಮ್ ಮೂಲವೇತನದ ಒಬ್ಬ ಮನುಷ್ಯ ಇಪ್ಪತ್ತು ವರ್ಷ ದುಡಿದರೆ ಮೊದಲ ಐದಕ್ಕೆ 4,200, ಉಳಿದ ಹದಿನೈದಕ್ಕೆ 18,000; ಒಟ್ಟು 22,200 ದಿರಹಮ್. ಐದು ಲಕ್ಷ ರೂಪಾಯಿಯ ಆಸುಪಾಸು. ಇಪ್ಪತ್ತು ವರ್ಷದ ದುಡಿಮೆಯ ಕೊನೆಗೆ ಕೈಗೆ ಬರುವುದು ಇಷ್ಟು, ಒಂದೇ ಸಲ. ಆಮೇಲೆ ತಿಂಗಳು ತಿಂಗಳು ಬರುವುದು ಏನೂ ಇಲ್ಲ; ಸರ್ಕಾರಿ ಪಿಂಚಣಿ ವ್ಯವಸ್ಥೆ ಇಲ್ಲಿಯ ಪ್ರಜೆಗಳಿಗೆ. ಆ ಐದು ಲಕ್ಷ ಮಗಳ ಮದುವೆಗೋ ಮನೆಯ ತಾರಸಿಗೋ ಮೊದಲೇ ಬರೆದಿಟ್ಟ ಹಣ.

ನಿವೃತ್ತರಿಗಾಗಿ ವೀಸಾ ಬಂದಿದೆ ಎಂದು ಪತ್ರಿಕೆಗಳು ಸಂಭ್ರಮಿಸಿದವು. ಬಂದಿದೆ, ನಿಜ. ಐವತ್ತೈದು ದಾಟಿದವರಿಗೆ, ಐದು ವರ್ಷದ ಅವಧಿಗೆ. ಹತ್ತು ಲಕ್ಷ ದಿರಹಮಿನ ಆಸ್ತಿ, ಅಥವಾ ಅಷ್ಟೇ ಉಳಿತಾಯ, ಇಲ್ಲವೇ ತಿಂಗಳಿಗೆ ಹದಿನೈದಿಪ್ಪತ್ತು ಸಾವಿರ ದಿರಹಮಿನ ವರಮಾನವಿರಬೇಕು. ಈ ಸಭೆಯಲ್ಲಿ ಅಂಥವರು ಕೆಲವರು ಇರಬಹುದು. ಅವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಅಲ್ ಕೂಜ್‌ನ, ಮುಸಫ್ಫಾದ ಲೇಬರ್ ಕ್ಯಾಂಪುಗಳಲ್ಲಿ ಮಾತ್ರ ಅಂಥವರು ಇಲ್ಲ. ಊರಿನ ತಂದೆತಾಯಿಯರನ್ನು ಇಲ್ಲಿಗೆ ಕರೆಸಿಕೊಳ್ಳಬೇಕೆಂದರೂ ಸಂಬಳದ ಮಿತಿ, ವರ್ಷವರ್ಷವೂ ನವೀಕರಣ, ವಯಸ್ಸಿನೊಂದಿಗೆ ಏರುವ ಆರೋಗ್ಯವಿಮೆಯ ಕಂತು. ಹಾಗಾಗಿ ಗಲ್ಫ್ ಕನ್ನಡಿಗರ ಮುಪ್ಪು ನಡೆಯುವುದು ಊರಿನಲ್ಲಿಯೇ. ನಮ್ಮ ವೃದ್ಧಾಪ್ಯದ ಕಚೇರಿ ದುಬೈಯ ಗಾಜಿನ ಕಟ್ಟಡದಲ್ಲಿಲ್ಲ. ಅದು ಗ್ರಾಮ ಪಂಚಾಯತಿನ ಹೆಂಚಿನ ಕಟ್ಟಡದಲ್ಲಿದೆ.

ಆ ಕಟ್ಟಡದೊಳಗೆ ಏನಿದೆ ಎಂಬುದನ್ನು ನಾವು ಯಾವತ್ತೂ ನೋಡಿಲ್ಲ. ರಜೆಯಲ್ಲಿ ಹೋದಾಗ ನಮಗೆ ಪಂಚಾಯತ್ ಬೇಕಾಗುವುದು ಮನೆ ಕಟ್ಟುವ ಪರವಾನಗಿಗೆ, ಖಾತೆ ಬದಲಾವಣೆಗೆ. ಆದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲಿನಲ್ಲಿ ಜಾರಿಗೆ ಬಂತು; ಅದು 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. ಕರ್ನಾಟಕದ ಗ್ರಾಮ ಪಂಚಾಯತುಗಳು ತಮ್ಮ ಸ್ವಂತ ಸಂಪನ್ಮೂಲದ ಶೇಕಡ 5ರಷ್ಟನ್ನು ಅಂಗವಿಕಲರಿಗಾಗಿಯೇ ವೆಚ್ಚ ಮಾಡಬೇಕು. ಪಂಚಾಯತ್ ಮಟ್ಟದಲ್ಲಿ ‘ಗ್ರಾಮೀಣ ಪುನರ್ವಸತಿ ಕಾರ್ಯಕರ್ತ’ರೆಂಬವರಿದ್ದಾರೆ. ಜನ ಅವರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ವಿ.ಆರ್.ಡಬ್ಲ್ಯು. ಎನ್ನುತ್ತಾರೆ. ಅವರೂ ಅಂಗವೈಕಲ್ಯವುಳ್ಳವರೇ. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಮನೆಮನೆಗೆ ಹೋಗಿ ಗುರುತಿಸುವುದು, ಗುರುತಿನ ಚೀಟಿ ಮಾಡಿಸುವುದು, ಪಿಂಚಣಿಗೆ ಅರ್ಜಿ ಹಾಕಿಸುವುದು, ಶ್ರವಣಸಾಧನವೋ ತ್ರಿಚಕ್ರ ಬಂಡಿಯೋ ಬಂದಾಗ ತಲುಪಿಸುವುದು ಇವರ ಕೆಲಸ. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಕಾಲಿನ ಬಲ ಕಡಿಮೆಯಿರುವ ಒಬ್ಬ ಹೆಣ್ಣುಮಗಳು ಗುಡ್ಡ ಹತ್ತಿಳಿದು, ತನ್ನ ಖರ್ಚಿನಲ್ಲಿ ಆಟೊ ಹಿಡಿದು, ಇಡೀ ಗ್ರಾಮದ ಅಂಗವಿಕಲರ ಪಟ್ಟಿಯನ್ನು ನೋಡಿಕೊಳ್ಳುತ್ತಾಳೆ. ಕಾಯ್ದೆಯ ಅಷ್ಟೂ ದೊಡ್ಡ ಮಾತುಗಳು ಕೊನೆಗೆ ಬಂದು ನಿಲ್ಲುವುದು ಅವಳ ಹೆಗಲಿನ ಮೇಲೆ.

ವೃದ್ಧರ ವಿಷಯದಲ್ಲಿ ಸಂಧ್ಯಾ ಸುರಕ್ಷಾ ಯೋಜನೆ 2007ರಿಂದ ಇದೆ. ಅರವತ್ತೈದು ದಾಟಿದ, ವರಮಾನದ ಮಿತಿಯೊಳಗಿರುವವರಿಗೆ ತಿಂಗಳಿಗೆ 1,200 ರೂಪಾಯಿ. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ ಎಂಬತ್ತರೊಳಗಿನವರಿಗೆ ದೆಹಲಿ ಕೊಡುವ ಪಾಲು ಒಂದೂವರೆ ದಶಕಕ್ಕೂ ಮೀರಿ 200 ರೂಪಾಯಿಯಲ್ಲಿಯೇ ನಿಂತಿದೆ. ಅಡಿಕೆಯ ಧಾರಣೆ ಏರಿತು, ಪೆಟ್ರೋಲಿನ ಬೆಲೆ ಏರಿತು, ಸಂಸದರ ಸಂಬಳ ಏರಿತು. ಆ 200 ರೂಪಾಯಿ ಕದಲಲಿಲ್ಲ.

ಈಗ ಗಲ್ಫಿನಿಂದ ಮರಳಿದವನ ಸಂಗತಿಗೆ ಬನ್ನಿ. ಅವನು ನಾಡಕಚೇರಿಗೆ ಹೋಗುತ್ತಾನೆ. ರೇಷನ್ ಕಾರ್ಡಿನಿಂದ ಹೆಸರು ತೆಗೆದುಹಾಕಿ ವರ್ಷಗಳಾಗಿವೆ. ಆಧಾರಿನ ವಿಳಾಸ ಹಳೆಯದು, ಇಲ್ಲವೇ ಆಧಾರ್ ಮಾಡಿಸಿಯೇ ಇಲ್ಲ. ವಾಸದ ದೃಢೀಕರಣ ಕೇಳಿದರೆ, ‘ನೀವು ದುಬೈಯಲ್ಲಿದ್ದವರಲ್ಲವೇ?’ ಎಂಬ ಪ್ರಶ್ನೆ. ತಾರಸಿ ಮನೆಯಿದೆ, ಎದುರಿಗೆ ಗೇಟಿದೆ. ಆ ಮನೆಯ ಸಾಲ ಸಹಕಾರಿ ಸಂಘದಲ್ಲಿ ಬಾಕಿಯಿದೆ ಎಂಬುದು ಗೇಟಿನ ಮೇಲೆ ಬರೆದಿರುವುದಿಲ್ಲ. ಒಂದು ಕಾಲದಲ್ಲಿ ಬ್ರಹ್ಮಕಲಶಕ್ಕೋ ಮಸೀದಿಯ ಮಿನಾರಕ್ಕೋ ಚರ್ಚಿನ ಗಂಟೆಗೋ ಸಾವಿರಾರು ಕೊಟ್ಟು ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಂಡವನು, ಇಂದು 1,200 ರೂಪಾಯಿಗೆ ಕೈಯೊಡ್ಡಲು ನಾಚುತ್ತಾನೆ. ನಾಚಿಕೆಯೂ ಒಂದು ಆಡಳಿತ ಯಂತ್ರವೇ. ಅರ್ಜಿಗಳ ಸಂಖ್ಯೆಯನ್ನು ಅದು ಬಹಳ ಕಡಿಮೆ ಮಾಡುತ್ತದೆ.

ಇಲ್ಲಿಂದ ಗಡಿ ದಾಟಿ ಕಾಸರಗೋಡಿಗೆ ಹೋಗೋಣ. ವಿಟ್ಲದಿಂದ ಸ್ವಲ್ಪ ದೂರ ಸಾಗಿದರೆ ಕೇರಳ. ಎಣ್ಮಕಜೆ, ಪೈವಳಿಕೆ, ಮೀಂಜ, ವರ್ಕಾಡಿ. ಅದೇ ತುಳು, ಅದೇ ಕನ್ನಡ, ಅದೇ ಬ್ಯಾರಿ ಮಾತು, ಅದೇ ಅಡಿಕೆ ತೋಟ, ಅದೇ ದುಬೈ. ಪಂಚಾಯತ್ ಮಾತ್ರ ಬೇರೆ. ಕೇರಳವು 2008ರಲ್ಲಿ ಉಪಶಾಮಕ ಆರೈಕೆಗೆಂದೇ ಒಂದು ನೀತಿಯನ್ನು ರೂಪಿಸಿತು. ಅದರಂತೆ ಹಾಸಿಗೆ ಹಿಡಿದವರ ಮನೆಗೆ ನರ್ಸ್ ಹೋಗುವ ವ್ಯವಸ್ಥೆಯನ್ನು ಪಂಚಾಯತುಗಳೇ ನಡೆಸುತ್ತವೆ. ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚುವುದು, ಮೂತ್ರದ ನಳಿಕೆ ಬದಲಿಸುವುದು, ಮನೆಯವರಿಗೆ ಹೊರಳಿಸುವ ರೀತಿ ಕಲಿಸುವುದು, ಇಂಥ ಕೆಲಸಗಳು. ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳಿಗಾಗಿ ‘ಬಡ್ಸ್’ ಶಾಲೆಗಳಿವೆ; ಮೊದಲನೆಯದು 2004ರಲ್ಲಿ ತಿರುವನಂತಪುರದ ವೆಂಗಾನೂರಿನಲ್ಲಿ ಶುರುವಾಯಿತು, ಇವುಗಳನ್ನೂ ಸ್ಥಳೀಯ ಸಂಸ್ಥೆಗಳೇ ಕುಟುಂಬಶ್ರೀಯ ನೆರವಿನಿಂದ ನಡೆಸುತ್ತವೆ. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ ಕಾಸರಗೋಡಿನ ಪಂಚಾಯತುಗಳಲ್ಲಿ ಈ ಶಾಲೆಗಳು ಎಷ್ಟು ಅಗತ್ಯವಾಗಿದ್ದವೆಂದು ನಿಮಗೆ ಹೇಳಬೇಕಾಗಿಲ್ಲ. ಅದೇ ವಿಷ ಕರ್ನಾಟಕದ ಕೊಕ್ಕಡ, ಪಟ್ರಮೆಗಳ ಮೇಲೂ ಬಿದ್ದಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು ಕೇರಳ ಸರ್ಕಾರಕ್ಕೆ. ಗಾಳಿಗೆ ರಾಜ್ಯದ ಗಡಿ ಗೊತ್ತಿರಲಿಲ್ಲ, ಪರಿಹಾರಕ್ಕೆ ಗೊತ್ತಿತ್ತು.

ಕೇರಳವನ್ನು ಸ್ವರ್ಗವೆಂದು ಕೊಂಡಾಡುವ ಪ್ರಗತಿಪರ ಚಟ ನನಗೂ ಸ್ವಲ್ಪ ಇದೆ. ಆದ್ದರಿಂದ ಇನ್ನೊಂದು ಮುಖವನ್ನೂ ಹೇಳಬೇಕು. ಐದು ಲಕ್ಷದ ಆ ಆದೇಶವನ್ನು ಪಾಲಿಸುವಂತೆ ಮಾಡಲು ತಾಯಂದಿರು ಮತ್ತೆ ಮತ್ತೆ ಬೀದಿಗಿಳಿಯಬೇಕಾಯಿತು. ಕಾಸರಗೋಡಿನ ಕನ್ನಡಿಗರಿಗೆ ಅರ್ಜಿಯ ನಮೂನೆ ಮಲಯಾಳದಲ್ಲಿ ಬರುತ್ತದೆ. ಎಪ್ಪತ್ತೈದು ವರ್ಷದ, ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದಿದ ಒಬ್ಬ ಅಜ್ಜಿಗೆ ಆ ಕಾಗದ ಒಂದು ಚಿತ್ರ ಮಾತ್ರ. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ಶಾಲೆ ಮತ್ತು ನಾಮಫಲಕ ಮಾತ್ರವೆಂದು ನಮ್ಮ ಕನ್ನಡ ಹೋರಾಟಗಾರರು ತಿಳಿದಂತಿದೆ. ವೈದ್ಯಕೀಯ ಪ್ರಮಾಣಪತ್ರ, ಪಿಂಚಣಿಯ ಅರ್ಜಿ, ನರ್ಸ್ ಆಡುವ ಮಾತು, ಇವೂ ಭಾಷೆಯ ಪ್ರಶ್ನೆಗಳೇ. ನೋವನ್ನು ಪರಭಾಷೆಯಲ್ಲಿ ವಿವರಿಸುವುದು ಎಷ್ಟು ಕಷ್ಟವೆಂದು ಇಲ್ಲಿಯ ಕ್ಲಿನಿಕ್ಕುಗಳಲ್ಲಿ ಕುಳಿತ ನಮಗಿಂತ ಚೆನ್ನಾಗಿ ಬಲ್ಲವರು ಯಾರು?

ಆದರೂ ಗಡಿಯ ಈಚೆ ಇಲ್ಲದ್ದು ಆಚೆ ಒಂದಿದೆ, ಅದು ನೇರವಾಗಿ ನಮಗೆ ಸಂಬಂಧಿಸಿದ್ದು. ಕೇರಳ 2008ರಲ್ಲಿ ಅನಿವಾಸಿ ಕೇರಳೀಯರ ಕಲ್ಯಾಣ ಕಾಯ್ದೆಯನ್ನು ಮಾಡಿ ಒಂದು ಮಂಡಳಿಯನ್ನು ಸ್ಥಾಪಿಸಿತು. ವಿದೇಶದಲ್ಲಿ ದುಡಿಯುವವನು ತಿಂಗಳಿಗೆ 350 ರೂಪಾಯಿಯಂತೆ ಕನಿಷ್ಠ ಐದು ವರ್ಷ ವಂತಿಗೆ ಕಟ್ಟಿದರೆ ಅರವತ್ತರ ನಂತರ ತಿಂಗಳಿಗೆ 3,500 ರೂಪಾಯಿಯಿಂದ ಪಿಂಚಣಿ. ಶಾಶ್ವತ ಅಂಗವೈಕಲ್ಯವಾದರೆ, ಸತ್ತರೆ, ಬೇರೆ ನೆರವುಗಳಿವೆ. ದೇರಾದ ಒಂದೇ ಕೋಣೆಯ ಎರಡು ಬೆಡ್‌ಸ್ಪೇಸುಗಳಲ್ಲಿ ಮಲಗುವ ಇಬ್ಬರನ್ನು ಊಹಿಸಿ: ಒಬ್ಬನ ಪಾಸ್‌ಪೋರ್ಟಿನಲ್ಲಿ ಪೈವಳಿಕೆ, ಇನ್ನೊಬ್ಬನದರಲ್ಲಿ ವಿಟ್ಲ. ಇಬ್ಬರೂ ಒಂದೇ ಅಂಗಡಿಯಲ್ಲಿ ದುಡಿದು ಒಂದೇ ದಿನ ಎಕ್ಸಿಟ್ ಆಗುತ್ತಾರೆ. ಒಬ್ಬನಿಗೆ ಪಿಂಚಣಿ, ಇನ್ನೊಬ್ಬನಿಗೆ ನಾಡಕಚೇರಿಯ ಪ್ರಶ್ನೆ.

ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ. ಹೂಡಿಕೆಯ ಸಮಾವೇಶಗಳಿಗೆ ನಮ್ಮನ್ನು ಕರೆಯುತ್ತಾರೆ, ಶಾಲು ಹೊದಿಸುತ್ತಾರೆ. ಆದರೆ ಕಾಯ್ದೆಯ ಬಲವುಳ್ಳ, ವಂತಿಗೆ ಕಟ್ಟಿ ಹಕ್ಕಿನಿಂದ ಪಡೆಯುವ ಪಿಂಚಣಿ ನಿಧಿ ನಮಗಿಲ್ಲ. ಕೇಂದ್ರ ಸರ್ಕಾರ 2012ರಲ್ಲಿ ಮಹಾತ್ಮಾ ಗಾಂಧಿ ಪ್ರವಾಸಿ ಸುರಕ್ಷಾ ಯೋಜನೆ ಎಂಬೊಂದನ್ನು ತಂದಿತ್ತು. ಸೇರಿದವರು ಕಡಿಮೆ ಎಂದು 2017ರಲ್ಲಿ ಮುಚ್ಚಿತು. ಸೇರಿದವರು ಏಕೆ ಕಡಿಮೆ? ಕ್ಯಾಂಪಿಗೆ ಬಂದು ಹೇಳಿದವರು ಯಾರು? ಆ ಐದು ವರ್ಷಗಳಲ್ಲಿ ನಮ್ಮ ಸಂಘಗಳು ಎಷ್ಟು ರಾಜ್ಯೋತ್ಸವ ಮಾಡಿದವು, ಎಷ್ಟು ತಾರೆಯರನ್ನು ಕರೆಸಿದವು ಎಂಬ ಲೆಕ್ಕ ಸಿಗುತ್ತದೆ. ಈ ಯೋಜನೆಯ ಅರ್ಜಿಯನ್ನು ತುಂಬಿಸಿದ ಲೆಕ್ಕ ಯಾರ ಬಳಿಯೂ ಇಲ್ಲ. ಈಗಲೂ ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂಬುದಿದೆ. ಹತ್ತನೆಯ ತರಗತಿ ಮುಗಿಸದ, ವಲಸೆ ಅನುಮತಿ ಪಡೆದು ಬಂದ ಕಾರ್ಮಿಕರಿಗೆ ಇದು ಕಡ್ಡಾಯ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ ಹತ್ತು ಲಕ್ಷ ರೂಪಾಯಿ. ಎರಡು ಅಥವಾ ಮೂರು ವರ್ಷಕ್ಕೆ ಅದರ ಅವಧಿ ಮುಗಿಯುತ್ತದೆ. ನವೀಕರಿಸಿದ್ದಾರೆಯೇ ಎಂದು ನಿಮ್ಮ ಕಂಪೆನಿಯ ಹೆಲ್ಪರ್‌ಗಳನ್ನು ನಾಳೆ ಕೇಳಿ ನೋಡಿ.

ಇನ್ನು ನಾವು ಊರಿನಲ್ಲಿ ಬಿಟ್ಟುಬಂದ ತಂದೆತಾಯಿಯರ ವಿಷಯ. 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯಲ್ಲಿ ನಮ್ಮನ್ನು ನೇರವಾಗಿ ಉದ್ದೇಶಿಸಿದ ಒಂದು ಅಂಶವಿದೆ: ಮಕ್ಕಳು ಭಾರತದ ಹೊರಗಿದ್ದರೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರದ ಮೂಲಕ ಸಮನ್ಸ್ ಕಳಿಸಬಹುದು. ಉಪವಿಭಾಗಾಧಿಕಾರಿಯ ಮುಂದೆ ವಕೀಲರಿಲ್ಲದೆಯೇ ಅರ್ಜಿ ಹಾಕಬಹುದು. ಪೋಷಣೆಯ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ಅದೇ ಕಾಯ್ದೆಯಲ್ಲಿ ಜಿಲ್ಲೆಗೆ ಒಂದಾದರೂ, ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎಂದಿದೆ. ಮಗನಿಗೆ ‘ತಕ್ಕದ್ದು’, ಸರ್ಕಾರಕ್ಕೆ ‘ಬಹುದು’. ಮುಪ್ಪಿನ ಹೊಣೆಯನ್ನು ಕುಟುಂಬದ ಮೇಲೆ ಹೊರಿಸುವ ಕಾಯ್ದೆಯಿದು; ಹೊರಿಸಲಿ, ಬೇಡವೆನ್ನುವುದಿಲ್ಲ. ಆದರೆ ಕರಾವಳಿಯ ಕುಟುಂಬದಲ್ಲಿ ಮನೆಯೊಳಗೆ ಉಳಿದಿರುವವರು ಯಾರು?

ಹೋಂ ನರ್ಸ್. ಉಡುಪಿ, ಮಂಗಳೂರುಗಳಲ್ಲಿ ಮಕ್ಕಳು ವಿದೇಶದಲ್ಲಿರುವ ಮನೆಗಳ ನಿಜವಾದ ಆಡಳಿತ ಇಂದು ಅವಳ ಕೈಯಲ್ಲಿದೆ. ಬಯಲುಸೀಮೆಯ ಯಾವುದೋ ಹಳ್ಳಿಯಿಂದ ಏಜೆನ್ಸಿಯ ಮೂಲಕ ಬಂದವಳು. ನಾವು ಇಲ್ಲಿಂದ ವಿಡಿಯೊ ಕರೆ ಮಾಡಿದಾಗ ಫೋನು ಹಿಡಿಯುವ ಕೈ ಅವಳದು. ಅಮ್ಮನ ಮುಖ ಕಾಣುತ್ತದೆ, ಅವಳ ಮುಖ ಕಾಣುವುದಿಲ್ಲ. ಅವಳಿಗೆ ವಾರದ ರಜೆಯಿದೆಯೇ, ಏಜೆನ್ಸಿ ಎಷ್ಟು ಮುರಿದುಕೊಳ್ಳುತ್ತದೆ, ಅವಳ ತಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ? ನಾವು ಇಲ್ಲಿ ನಮ್ಮ ಕಂಪೆನಿಗಳಿಗೆ ಕೇಳುವ ಪ್ರಶ್ನೆಗಳನ್ನೆಲ್ಲ ಅಲ್ಲಿ ಅವಳು ನಮಗೆ ಕೇಳಬಹುದು. ಕೇಳುವುದಿಲ್ಲ. ಮನೆಯಲ್ಲಿ ದುಡಿಯುವ ಹೆಂಗಸಿಗೆ ಬಾಯಿಲ್ಲ ಎಂಬುದು ಶಾರ್ಜಾದಲ್ಲೂ ಸತ್ಯ, ಶಿರ್ವದಲ್ಲೂ ಸತ್ಯ. ಪಂಚಾಯತಿನ ನರ್ಸೊಬ್ಬಳು ವಾರಕ್ಕೊಮ್ಮೆ ಆ ಮನೆಗೆ ಹೋಗುವಂತಾದರೆ ಮಂಚದ ಮೇಲಿನ ಮುದುಕಿಗೂ ಮಂಚದ ಪಕ್ಕದ ಹುಡುಗಿಗೂ ಅದರಿಂದ ಬಲ ಬರುತ್ತದೆ. ಸರ್ಕಾರಿ ಸೇವೆ ಬಡವರಿಗೆ ಮಾತ್ರ, ನಮಗೇಕೆ ಎನ್ನುವ ಗಲ್ಫ್ ಮನೆತನಗಳು ಇದನ್ನು ಯೋಚಿಸಬೇಕು. ಹಣದಿಂದ ಒಬ್ಬಾಕೆಯ ದಿನಗಳನ್ನು ಕೊಳ್ಳಬಹುದು; ಒಂದು ವ್ಯವಸ್ಥೆಯನ್ನು ಕೊಳ್ಳಲಾಗದು.

ಹಾಗಾದರೆ ಮಾಡಬೇಕಾದದ್ದೇನು? ಕಲ್ಯಾಣ ನಿಧಿಯ ಕಾಯ್ದೆಗಾಗಿ ಬೆಂಗಳೂರನ್ನು ಒತ್ತಾಯಿಸುವುದು ದೀರ್ಘವಾದ ಕೆಲಸ. ಅದನ್ನು ಎಲ್ಲ ಸಂಘಗಳೂ ಜಾತಿಮತದ ಬೇಲಿ ಬಿಟ್ಟು ಒಂದೇ ಮನವಿಯಾಗಿ ಬರೆಯಬೇಕು; ಬಂಟರದೊಂದು, ಬ್ಯಾರಿಗಳದೊಂದು, ಬಿಲ್ಲವರದೊಂದು, ಕೊಂಕಣಿಗರದೊಂದು ಆದರೆ ಮಂತ್ರಿಗಳು ನಾಲ್ಕು ಶಾಲು ಹೊದಿಸಿ ಕಳಿಸುತ್ತಾರೆ. ಅದಾಗುವವರೆಗೆ ಕಾಯದೆ ಇಲ್ಲಿಂದಲೇ ಮಾಡಬಹುದಾದ ಕೆಲಸವೊಂದಿದೆ. ಮಾಹಿತಿ ಹಕ್ಕು ಕಾಯ್ದೆ ಭಾರತದ ಪೌರರೆಲ್ಲರದು. ವಿದೇಶದಲ್ಲಿದ್ದರೂ ಪೌರರು ಪೌರರೇ. ನಿಮ್ಮ ನಿಮ್ಮ ಗ್ರಾಮ ಪಂಚಾಯತಿನ ಅಭಿವೃದ್ಧಿ ಅಧಿಕಾರಿಗೆ ಮೂರು ಪ್ರಶ್ನೆಗಳ ಒಂದು ಅರ್ಜಿ ಹಾಕಿ. ಕಳೆದ ಮೂರು ವರ್ಷಗಳಲ್ಲಿ ಅಂಗವಿಕಲರ ಶೇಕಡ 5ರ ಹಣ ಎಷ್ಟಿತ್ತು, ಯಾವುದಕ್ಕೆ ವೆಚ್ಚವಾಯಿತು? ಅಂಗವಿಕಲರ ವಿಶೇಷ ಗ್ರಾಮಸಭೆ ಯಾವ ದಿನಗಳಲ್ಲಿ ನಡೆಯಿತು, ಎಷ್ಟು ಮಂದಿ ಬಂದಿದ್ದರು, ಯಾವ ತೀರ್ಮಾನಗಳಾದವು? ಪುನರ್ವಸತಿ ಕಾರ್ಯಕರ್ತರ ಹುದ್ದೆ ತುಂಬಿದೆಯೇ, ಅವರ ಗೌರವಧನ ಯಾವ ತಿಂಗಳವರೆಗೆ ಸಂದಾಯವಾಗಿದೆ?

ಈ ಅರ್ಜಿಯ ಕನ್ನಡ ನಮೂನೆಯನ್ನು ತಂದಿದ್ದೇನೆ, ಹಿಂದಿನ ಮೇಜಿನ ಮೇಲಿದೆ. ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವವರು ಕೈಯಲ್ಲೇ ಕೊಟ್ಟು ಸ್ವೀಕೃತಿ ಪಡೆಯಬಹುದು. ಹೋಗಲಾಗದವರು ಅಂಚೆಯಲ್ಲಿ ಕಳಿಸಬಹುದು. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಬಂದ ಉತ್ತರಗಳನ್ನು, ಬಾರದ ಪಂಚಾಯತುಗಳ ಹೆಸರುಗಳನ್ನೂ ಸೇರಿಸಿ, ಅಕ್ಟೋಬರಿನ ಕೂಟದಲ್ಲಿ ಓದೋಣ. ಮಂಜೇಶ್ವರ, ಕುಂಬಳೆಯ ಕಡೆಯವರಿಗೆ ಬೇರೆ ನಮೂನೆಯಿದೆ; ಉತ್ತರವನ್ನು ಕನ್ನಡದಲ್ಲಿ ಕೊಡಬೇಕೆಂಬ ಸಾಲನ್ನು ಅದರಲ್ಲಿ ಮೊದಲೇ ಸೇರಿಸಲಾಗಿದೆ.